ಬಾಯಿ ಬಿದ್ದ ಮೇಲೆ ಉಳಿದ ಮಾತು

ನಮ್ಮ ಕಡೆ ಲಕ್ವ ಹೊಡೆದು ಮಾತು ನಿಂತವರ ಬಗ್ಗೆ ‘ಬಾಯಿ ಬಿದ್ದೋಗಿದೆ’ ಅನ್ನುತ್ತಾರೆ. ಕೈ ಬಿದ್ದಿದೆ, ಕಾಲು ಬಿದ್ದಿದೆ, ಅದರ ಜೊತೆಗೆ ಬಾಯಿಯೂ ಬಿದ್ದಿದೆ. ಕೇಳಿದ ಕೂಡಲೇ ಅರ್ಥವಾಗುವ ನುಡಿ ಅದು, ಆದರೆ ರೋಗವನ್ನು ತಪ್ಪು ಜಾಗದಲ್ಲಿ ಕೂರಿಸುವ ನುಡಿ. ಹೀಗೆ ಬಾಯಿ ಬಿದ್ದವರಲ್ಲಿ ಕೆಲವರಿಗೆ ನಿಜಕ್ಕೂ ಸೋತಿರುವುದು ತುಟಿ, ನಾಲಿಗೆಗಳ ಸ್ನಾಯು. ಅವರ ಮಾತು ತೊದಲುತ್ತದೆ, ಆದರೆ ಕೈಗೆ ಪೆನ್ನು ಕೊಟ್ಟರೆ ಹೇಳಬೇಕಾದ್ದನ್ನು ಬರೆದು ತೋರಿಸುತ್ತಾರೆ. ಇನ್ನು ಕೆಲವರ ನಾಲಿಗೆ ಸರಿಯಾಗಿಯೇ ಹೊರಳುತ್ತದೆ, ಗಂಟಲು ಅನ್ನ ನುಂಗುತ್ತದೆ, ಧ್ವನಿಯೂ ಇದೆ. ಸಿಗದೇ ಹೋಗುವುದು ಪದ. ಬರೆಯಲು ಕೂತರೂ ಸಿಗುವುದಿಲ್ಲ. ಈ ಎರಡನೆಯದಕ್ಕೆ ಅಫೇಸಿಯಾ ಎಂದು ಹೆಸರು. ಅಲ್ಲಿ ಬಿದ್ದಿರುವುದು ಬಾಯಿಯಲ್ಲ.

ಅಪ್ಪನಿಗೆ ಆದದ್ದು ಇದು. 31 ವರ್ಷ ಹಾಸನ–ಮಂಗಳೂರು ದಾರಿಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು, ನಿವೃತ್ತಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಒಂದು ಬೆಳಿಗ್ಗೆ ಕೊಟ್ಟಿಗೆಯ ಬಳಿ ಕುಸಿದರು. ಮೆದುಳಿನ ಎಡಭಾಗಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿತ್ತು. ಬಹುಪಾಲು ಜನರಲ್ಲಿ ಭಾಷೆಯ ಕೆಲಸ ನಡೆಯುವುದು ಆ ಎಡಭಾಗದಲ್ಲಿ. ಬಲಗೈ ಬಲಗಾಲನ್ನು ಆಡಿಸುವುದೂ ಅದೇ. ಆದ್ದರಿಂದ ಬಲಗೈ ಮತ್ತು ಮಾತು ಎಷ್ಟೋ ಸಲ ಒಟ್ಟಿಗೇ ಹೋಗುತ್ತವೆ. ಐದನೇ ದಿನ ಅಪ್ಪ ಕಣ್ಣುಬಿಟ್ಟು ಅಮ್ಮನನ್ನು ನೋಡಿ ಮೊದಲ ಮಾತು ಆಡಿದರು. ಅದು ಅಮ್ಮನ ಹೆಸರಲ್ಲ, ನನ್ನದೂ ಅಲ್ಲ. ‘ರೈಟ್’ ಅಂದರು.

ನೀರು ಬೇಕಾ ಅಂದರೆ ರೈಟ್. ನೋವಾಗ್ತಿದೆಯಾ ಅಂದರೆ ರೈಟ್. ಸಿಟ್ಟು ಬಂದರೆ ಗಟ್ಟಿಯಾಗಿ ರೈಟ್, ಅಳು ಬಂದರೆ ಮೆತ್ತಗೆ ರೈಟ್. ಬಸ್ಸಿನಲ್ಲಿ ಓಡಾಡಿದವರಿಗೆ ಗೊತ್ತು, ಕಂಡಕ್ಟರ್ ಬಾಯಲ್ಲಿ ರೈಟ್ ಅಂದರೆ ‘ಸರಿ’ ಎಂದಲ್ಲ, ‘ಹೊರಡು’ ಎಂದು. ದಿನಕ್ಕೆ ಎಷ್ಟು ಸಲ ಹೇಳಿದ್ದರೋ, ಲೆಕ್ಕವಿಟ್ಟವರು ಯಾರು! ಊರವರು ನೋಡಲು ಬಂದು, ‘ಸ್ಟ್ರೋಕ್ ಆದ್ಮೇಲೆ ಬರೀ ಇಂಗ್ಲಿಷಂತೆ’ ಎಂದು ನಕ್ಕರು. ನಾನೂ ನಕ್ಕೆ. ಆದರೆ ಆ ಪದ ಅಪ್ಪನ ಮಟ್ಟಿಗೆ ಇಂಗ್ಲಿಷ್ ಆಗಿರಲೇ ಇಲ್ಲ. ಎರಡು ಭಾಷೆ ಬಲ್ಲವರಿಗೆ ಹೀಗಾದರೆ ಯಾವ ಭಾಷೆ ಮೊದಲು ಮರಳುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದಿಂದ ನಡೆದುಬಂದ ಜಗಳ. ಮೊದಲು ಕಲಿತದ್ದು ಎಂದು ರಿಬೋ ಹೇಳಿದ. ಹೆಚ್ಚು ಬಳಸಿದ್ದು ಎಂದು ಪೀತ್ರ್ 1895ರಲ್ಲಿ ಬರೆದ. ಆಮೇಲೆ ಬಂದ ರೋಗಿಗಳು ಇಬ್ಬರ ಮಾತನ್ನೂ ಪೂರ್ತಿ ಪಾಲಿಸಲಿಲ್ಲ. ಬಹಳ ಜನರಲ್ಲಿ ಎರಡೂ ಒಟ್ಟಿಗೇ ಹೋಗಿ ಒಟ್ಟಿಗೇ ಅಷ್ಟಿಷ್ಟು ಬರುತ್ತವೆ.

ಒಂದೇ ಪದ ಉಳಿಯುವುದು ಹೊಸ ವಿಷಯವಲ್ಲ. ಅಫೇಸಿಯಾದ ಚರಿತ್ರೆ ಶುರುವಾಗುವುದೇ ಅಂಥ ಒಬ್ಬನಿಂದ. ಪ್ಯಾರಿಸ್ ಹತ್ತಿರದ ಬಿಸೇತ್ರ್ ಆಸ್ಪತ್ರೆಯಲ್ಲಿ 21 ವರ್ಷ ಇದ್ದ ಲೆಬೋರ್ನ್ ಎಂಬಾತ ಏನು ಕೇಳಿದರೂ ‘ತಾನ್ ತಾನ್’ ಅನ್ನುತ್ತಿದ್ದ. ಆಸ್ಪತ್ರೆಯಲ್ಲಿ ಅವನ ಹೆಸರೇ ತಾನ್ ಎಂದಾಯಿತು. (ಕನ್ನಡದ ಕಿವಿಗೆ ‘ತಾನು’ ಎಂದು ಕೇಳುತ್ತದೆ, ಕಾಕತಾಳೀಯ, ಆದರೂ ಓದುವಾಗ ಪ್ರತಿಸಲ ಎಡವುತ್ತೇನೆ.) 1861ರ ಏಪ್ರಿಲ್‌ನಲ್ಲಿ ಕಾಲಿನ ಸೋಂಕಿಗೆಂದು ಅವನನ್ನು ಶಸ್ತ್ರವೈದ್ಯ ಪಾಲ್ ಬ್ರೋಕಾನ ವಾರ್ಡಿಗೆ ತಂದರು. ಕೆಲವೇ ದಿನದಲ್ಲಿ, 17ರಂದು, ಸತ್ತುಹೋದ. ಮರುದಿನವೇ ಬ್ರೋಕಾ ಅವನ ಮೆದುಳನ್ನು ಪ್ಯಾರಿಸಿನ ಮಾನವಶಾಸ್ತ್ರ ಸಂಘದ ಸಭೆಯಲ್ಲಿಟ್ಟು, ಎಡ ಮುಂಭಾಗದ ಹಾನಿಯನ್ನು ತೋರಿಸಿದ. ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ಆ ಮೆದುಳು ಇನ್ನೂ ಇದೆ. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಅದನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಿದಾಗ, ಹಾನಿ ಬ್ರೋಕಾನ ಕಣ್ಣಿಗೆ ಬಿದ್ದ ಮೇಲ್ಮೈಯನ್ನು ದಾಟಿ ಬಹಳ ಆಳಕ್ಕೆ ಇಳಿದಿರುವುದು ಕಂಡಿತು. ‘ಮಾತಿನ ಜಾಗ ಇಲ್ಲಿ’ ಎಂದು ಬೆರಳಿಟ್ಟು ತೋರಿಸುವುದು ಅಂದುಕೊಂಡಷ್ಟು ಸುಲಭವಲ್ಲ.

ನನಗೆ ಅದಕ್ಕಿಂತ ಹತ್ತಿರವಾದದ್ದು ಪೋಲೆಂಡಿನ ಇತಿಹಾಸಕಾರ ದೊಮಾನ್‌ಸ್ಕಿ ಹಳೆಯ ದಾಖಲೆಗಳಿಂದ ಹುಡುಕಿ ತೆಗೆದ ವಿವರ. ಲೆಬೋರ್ನ್ ಹುಟ್ಟಿದ್ದು ಮೊರೆ ಎಂಬ ಊರಿನಲ್ಲಿ, ಕಸುಬು ಚಪ್ಪಲಿ ಹೊಲಿಯುವವರಿಗೆ ಬೇಕಾದ ಮರದ ಅಚ್ಚು ಮಾಡುವುದು. ಆ ಊರಿನಲ್ಲಿ ಚರ್ಮ ಹದಮಾಡಲು ಮರದ ತೊಗಟೆ ಅರೆಯುವ ಗಿರಣಿಗಳಿದ್ದವು. ಆ ತೊಗಟೆಪುಡಿಗೆ ಫ್ರೆಂಚಿನಲ್ಲಿ ತಾನ್ ಎಂದೇ ಹೆಸರು. ಅವನ ತಾನ್ ಅದೇ ಇರಬಹುದೇ? ಊಹೆ ಅಷ್ಟೇ. ಆದರೆ ಮಂಗಳೂರು ಬಸ್ಸಿನ ‘ರೈಟ್’ ಅನ್ನು ಮನೆಯಲ್ಲಿಟ್ಟುಕೊಂಡಿರುವ ನನಗೆ ಆ ಊಹೆ ಬಿಟ್ಟುಕೊಡಲು ಮನಸ್ಸಿಲ್ಲ.

ಲೆಬೋರ್ನ್ ಬಾಯಲ್ಲಿ ಇನ್ನೊಂದು ಮಾತೂ ಇತ್ತು. ಸಿಟ್ಟು ನೆತ್ತಿಗೇರಿದಾಗ ಮಾತ್ರ ಹೊರಬರುತ್ತಿದ್ದ ಬೈಗುಳ, ದೇವರ ಹೆಸರು ಹಿಡಿದು ಹಾಕುವ ಒಂದು ಫ್ರೆಂಚ್ ಆಣೆ. ಐದು ವರ್ಷದ ನಂತರ ಅದೇ ಆಣೆ ಮೊಟಕಾಗಿ ಇನ್ನೊಬ್ಬ ಫ್ರೆಂಚ್ ರೋಗಿಯ ಬಾಯಲ್ಲಿ ಕೇಳಿಸಿತು: ‘ಕ್ರೇ ನೋಂ!’ ಆ ರೋಗಿ ಶಾರ್ಲ್ ಬೋದಿಲೇರ್. 1866ರ ವಸಂತದಲ್ಲಿ ಬೆಲ್ಜಿಯಮ್ಮಿನ ನಮೂರ್ ಪಟ್ಟಣದ ಚರ್ಚೊಂದರಲ್ಲಿ ಕುಸಿದವನಿಗೆ ಬಲಭಾಗ ಬಿತ್ತು, ಮಾತು ಹೋಯಿತು. ಅವನನ್ನು ನೋಡಿಕೊಳ್ಳುತ್ತಿದ್ದ ಬ್ರಸೆಲ್ಸಿನ ಸಂನ್ಯಾಸಿನಿಯರು ಈ ದೈವನಿಂದೆ ಕೇಳಿ ಕಂಗಾಲಾದರು. ನಮ್ಮನೆಯಲ್ಲಿ ಸಂನ್ಯಾಸಿನಿಯರ ಜಾಗದಲ್ಲಿ ಅಮ್ಮ ಇದ್ದಳು. ಅಪ್ಪನ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಯಾವತ್ತೂ ಮನೆಯಲ್ಲಿ ಬಳಸದಿದ್ದ ಅದು ಅತ್ತೆಯ ಬೀಗರು ಬಂದಾಗಲೇ ಹೊರಡಬೇಕೆ!

ಬೇಕೆಂದಾಗ ‘ನೀರು’ ಬಾರದ ಬಾಯಿಗೆ ಬೈಗುಳ ಹೇಗೆ ಬರುತ್ತದೆ? ಇಂಗ್ಲೆಂಡಿನ ವೈದ್ಯ ಹ್ಯೂಲಿಂಗ್ಸ್ ಜ್ಯಾಕ್ಸನ್ ಹತ್ತೊಂಬತ್ತನೇ ಶತಮಾನದಲ್ಲೇ ಇದಕ್ಕೊಂದು ಉತ್ತರ ಕೊಟ್ಟಿದ್ದ. ಹೊಸದಾಗಿ ಒಂದು ವಾಕ್ಯ ಕಟ್ಟಿ ಏನನ್ನೋ ಹೇಳುವುದು ಒಂದು ಕೆಲಸ. ಬೈಗುಳ, ಆಣೆ, ಪ್ರಾರ್ಥನೆ, ಎಣಿಕೆ ಇವು ಬೇರೆ ಕೆಲಸ. ಇವನ್ನು ನಾವು ಕಟ್ಟುವುದಿಲ್ಲ, ಇಡಿಯಾಗಿ ಎತ್ತಿ ಹಾಕುತ್ತೇವೆ. ಕಟ್ಟುವ ಶಕ್ತಿ ಹೋದರೂ ಇಡಿಯಾಗಿ ಎತ್ತುವುದು ಉಳಿಯಬಹುದು. ಜ್ಯಾಕ್ಸನ್ ಹೇಳುವ ಉದಾಹರಣೆಗಳಲ್ಲಿ ಒಬ್ಬ ರೈಲ್ವೆ ಸಿಗ್ನಲ್‌ಮನ್ ಇದ್ದಾನೆ. ಹಳಿಯ ಬಳಿ ಲಕ್ವ ಹೊಡೆದು ಬಿದ್ದವನಿಗೆ ‘ಬಾ ನನ್ನ ಹತ್ತಿರ’ ಎಂಬರ್ಥದ ಮಾತೊಂದೇ ಉಳಿಯಿತು. ಅದನ್ನು ಓದಿದ ದಿನ ಪುಸ್ತಕ ಮಡಿಸಿಟ್ಟು ಊರಿಗೆ ಫೋನ್ ಮಾಡಿದೆ.

ಈ ‘ಇಡಿಯಾಗಿ ಎತ್ತುವುದು’ ಎಷ್ಟು ದೂರ ಹೋಗುತ್ತದೆ ಎಂದು ನೋಡಿದ್ದು ಆಮೇಲೆ. ವಾಕ್ ಚಿಕಿತ್ಸಕಿ ‘ಒಂದು, ಎರಡು’ ಎಂದು ಶುರುಮಾಡಿಕೊಟ್ಟರೆ ಅಪ್ಪ ಹತ್ತರವರೆಗೆ ಸರಾಗ ಹೋಗುತ್ತಿದ್ದರು. ಮನೆಗೆ ಬಂದ ಮೇಲೆ ನಾನು ‘ಹಾಸನ’ ಅಂದೆ. ಅಪ್ಪ ನನ್ನ ಮುಖ ನೋಡಿದರು. ಮತ್ತೆ ಹೊರಟಿತು ನೋಡಿ: ಪಾಳ್ಯ, ಬಾಳ್ಳುಪೇಟೆ, ಸಕಲೇಶಪುರ, ದೋಣಿಗಾಲ್, ಮಾರನಹಳ್ಳಿ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ, ಕಲ್ಲಡ್ಕ, ಬಿ.ಸಿ. ರೋಡ್. ತೊದಲಿಲ್ಲ, ತಡೆಯಿಲ್ಲ, ಹಳೆಯ ರಾಗ ಕೂಡ ಹಾಗೇ ಇತ್ತು. ಅಮ್ಮ ಒಳಗಿನಿಂದ ಓಡಿಬಂದಳು, ವಾಸಿಯಾಯಿತೆಂದೇ ತಿಳಿದು. ‘ಸಕಲೇಶಪುರ ಆದ್ಮೇಲೆ ಯಾವೂರು ಬರುತ್ತೆ?’ ಎಂದು ಕೇಳಿದೆ. ಅಪ್ಪ ಬಾಯಿ ತೆರೆದರು, ಮುಚ್ಚಿದರು, ಎಡಗೈಯಿಂದ ಹಣೆ ಒರೆಸಿಕೊಂಡು ‘ರೈಟ್’ ಅಂದರು. ದೋಣಿಗಾಲಿಗೆ ಹೋಗಬೇಕೆಂದರೆ ಹಾಸನದಿಂದಲೇ ಹೊರಡಬೇಕಿತ್ತು.

ನಾನು ಪಿಎಚ್‌ಡಿಗೆ ಆರಿಸಿಕೊಂಡದ್ದು ಕನ್ನಡ ಕ್ರಿಯಾಪದಗಳನ್ನು. ಅದಕ್ಕೂ ಅಪ್ಪನ ಕಾಯಿಲೆಗೂ ಸಂಬಂಧವಿರಲಿಲ್ಲ, ವಿಷಯ ನೋಂದಾಯಿಸಿದ್ದು ಅದಕ್ಕೂ ಮೊದಲು. ಆದರೆ ಮೂರ್ನಾಲ್ಕು ತಿಂಗಳಾದ ಮೇಲೆ ಒಂದೊಂದೇ ಪದ ಮರಳತೊಡಗಿದಾಗ ನನ್ನ ಅಧ್ಯಾಯ ಮನೆಯ ಪಡಸಾಲೆಯಲ್ಲೇ ನಡೆಯುತ್ತಿರುವಂತೆ ಕಂಡಿತು. ಬ್ರೋಕಾ ಬಗೆಯ ಅಫೇಸಿಯಾದಲ್ಲಿ ಪದದ ಬುಡ ಉಳಿದು ಪ್ರತ್ಯಯ ಉದುರುತ್ತದೆ ಎಂದು ಇಂಗ್ಲಿಷ್ ರೋಗಿಗಳನ್ನು ನೋಡಿ ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಪ್ರತ್ಯಯ ಉದುರಿದರೂ ‘ವಾಕ್’ ಎಂಬುದು ನಿರಪಾಯದ ಪದವಾಗಿ ಉಳಿಯುತ್ತದೆ. ಹೀಬ್ರೂ ಭಾಷೆಯ ಧಾತು ಬರೀ ವ್ಯಂಜನಗಳ ಗೊಂಚಲು, ನಡುವೆ ಸ್ವರ ತುಂಬದೆ ಬಾಯಿಗೇ ಬರುವುದಿಲ್ಲ. ಹಾಗಾಗಿ ಅಲ್ಲಿನ ರೋಗಿಗಳು ಬಿಡುವ ಬದಲು ತಪ್ಪು ರೂಪವನ್ನು ಹಾಕುತ್ತಾರೆ. ನಮ್ಮಲ್ಲಿ? ‘ಕೊಡುತ್ತೀರಾ’, ‘ಕೊಡಿ’ಗಳ ತುದಿ ಉದುರಿದರೆ ಉಳಿಯುವುದು ‘ಕೊಡು’. ‘ಬನ್ನಿ’ ಹೋಗಿ ‘ಬಾ’. ಕನ್ನಡದಲ್ಲಿ ಕ್ರಿಯಾಪದದ ಬುಡವೇ ಏಕವಚನದ ಆಜ್ಞೆ. ನಮ್ಮ ಮರ್ಯಾದೆಯೆಲ್ಲ ಪ್ರತ್ಯಯದಲ್ಲಿದೆ.

ಹೀಗಾಗಿ ಪ್ರಯಾಣಿಕರಲ್ಲಿ ಚಿಕ್ಕ ಮಕ್ಕಳಿಗೂ ‘ಮುಂದೆ ಹೋಗಿ’ ಅನ್ನುತ್ತಿದ್ದ ಅಪ್ಪ, ತಪಾಸಣೆಗೆ ಬಂದ ಹಿರಿಯ ಡಾಕ್ಟರಿಗೆ ‘ಬಾ’ ಅಂದರು. ಎಂಬತ್ತು ದಾಟಿದ ಮಾವನಿಗೆ, ಅಂದರೆ ನನ್ನ ತಾತನಿಗೆ, ‘ಕೂರು’ ಅಂದರು. ಡಾಕ್ಟರು ನಕ್ಕು ಸುಮ್ಮನಾದರು. ತಾತನಿಗೆ ಅರ್ಥಮಾಡಿಸಲು ಒಂದು ಮಧ್ಯಾಹ್ನ ಬೇಕಾಯಿತು. ಸ್ವಭಾವ ಬದಲಾಗಿಲ್ಲ ತಾತ, ‘ಇರಿ’ ಎಂಬಷ್ಟು ಮಾತ್ರ ಕಾಣೆಯಾಗಿದೆ ಎಂದು ಹೇಳಿದೆ. ‘ಅದೇ ಅಲ್ವೇನಮ್ಮ ಮನುಷ್ಯ ಅಂದ್ರೆ’ ಅಂದರು ತಾತ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಯಾಕಬ್ಸನ್ ಗೊತ್ತು. ಎಂ.ಎ.ಯಲ್ಲಿ ಶೈಲಿಶಾಸ್ತ್ರದ ಪಾಠದಲ್ಲಿ ಮೆಟಫರ್, ಮೆಟಾನಮಿ ಎಂಬ ಜೋಡಿಯನ್ನು ಅವನ ಹೆಸರಿನಲ್ಲಿ ನೋಟ್ಸ್ ಬರೆದುಕೊಂಡಿರುತ್ತೇವೆ. 1956ರ ಆ ಪ್ರಬಂಧದ ಹೆಸರಿನಲ್ಲೇ ಅಫೇಸಿಯಾ ಇದೆ ಎಂಬುದನ್ನು ತರಗತಿಗಳು ಮರೆತಂತಿದೆ. ಪದಗಳ ರಾಶಿಯಿಂದ ಒಂದನ್ನು ಆರಿಸುವುದು, ಆರಿಸಿದ್ದನ್ನು ಪಕ್ಕದ್ದಕ್ಕೆ ಪೋಣಿಸುವುದು, ಭಾಷೆಗೆ ಈ ಎರಡು ಕೈ. ಕೆಲವು ರೋಗಿಗಳಲ್ಲಿ ಆರಿಸುವ ಕೈ ಸೋಲುತ್ತದೆ, ಕೆಲವರಲ್ಲಿ ಪೋಣಿಸುವ ಕೈ ಎಂದು ಅವನ ವಾದ. ರೂಪಕಗಳ ಚರ್ಚೆ ಹುಟ್ಟಿದ್ದು ಅಲ್ಲಿಂದ. ಇಂದಿನ ಚಿಕಿತ್ಸಕರು ರೋಗಿಗಳನ್ನು ಅಷ್ಟು ಚೊಕ್ಕಟವಾಗಿ ಎರಡು ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಆದರೂ ಆಸ್ಪತ್ರೆಯ ಬೆಂಚಿನ ಮೇಲೆ ನಮ್ಮ ಸರದಿಗೆ ಕಾಯುವಾಗ ಯಾಕಬ್ಸನ್ ಬಹಳ ನೆನಪಾಗುತ್ತಿದ್ದ. ಅಲ್ಲಿ ಅಪ್ಪನ ಪಕ್ಕ ಕೂರುತ್ತಿದ್ದ ಒಬ್ಬ ಹೆಂಗಸು ನಿಲ್ಲದೆ ಮಾತಾಡುತ್ತಿದ್ದರು. ಏರಿಳಿತ ಅಚ್ಚ ಮಂಡ್ಯದ್ದು, ಪ್ರತ್ಯಯಗಳು ತಮ್ಮ ತಮ್ಮ ಜಾಗದಲ್ಲಿ, ‘ಅಂದ್ರೆ’, ‘ಅದಕ್ಕೇ ಮತ್ತೆ’ ಎಲ್ಲ ಸರಿ. ನಡುವಿನ ಪದಗಳು ಮಾತ್ರ ಯಾವ ನಿಘಂಟಿನಲ್ಲೂ ಇಲ್ಲದವು. ನಾವು ಹೇಳಿದ್ದೂ ಅವರಿಗೆ ತಲುಪುತ್ತಿರಲಿಲ್ಲ. 1874ರಲ್ಲಿ, ಇನ್ನೂ 26ರ ಹರೆಯದ ಕಾರ್ಲ್ ವೆರ್ನಿಕೆ ವಿವರಿಸಿದ್ದು ಇಂಥವರನ್ನು. ಅವರಲ್ಲಿ ಹಾನಿ ಇನ್ನಷ್ಟು ಹಿಂದೆ, ಕಿವಿಯ ಮೇಲ್ಭಾಗದ ಆಸುಪಾಸಿನಲ್ಲಿರುತ್ತದೆ. ಆಕೆ ಹೇಳುತ್ತಿದ್ದಳು, ಅಪ್ಪ ತಲೆಯಾಡಿಸಿ ‘ರೈಟ್’ ಅನ್ನುತ್ತಿದ್ದರು. ಇಬ್ಬರಿಗೂ ಆ ಅರ್ಧ ಗಂಟೆ ಬಹಳ ಇಷ್ಟವಾಗುತ್ತಿತ್ತು.

ಜಮೀನಿನ ವಿಷಯ ಬಂದದ್ದು ಎಂಟನೇ ತಿಂಗಳಲ್ಲಿ. ಅಪ್ಪ, ದೊಡ್ಡಪ್ಪ ಇಬ್ಬರ ನಡುವೆ ಪಾಲಾಗದೆ ಉಳಿದ ಮೂರು ಎಕರೆ ಇತ್ತು. ಒಂದು ತುದಿ ಟಾರು ರಸ್ತೆಗೆ, ಇನ್ನೊಂದು ತುದಿಯಲ್ಲಿ ಬಾವಿ. ರಸ್ತೆಯ ಕಡೆಯದು ತನಗಿರಲಿ, ಬಾವಿಯ ಕಡೆಯದು ತಮ್ಮನಿಗೆ ಎಂದು ದೊಡ್ಡಪ್ಪ ಅಪ್ಪನ ಮುಂದೆ ಕೂತು ಕೇಳಿದರು. ಅಪ್ಪ ‘ರೈಟ್’ ಅಂದರು. ‘ನೋಡಿ, ಎಲ್ರೂ ಕೇಳಿಸ್ಕೊಂಡ್ರಿ’ ಎಂದು ದೊಡ್ಡಪ್ಪ ಎದ್ದರು. ಅವರು ಕೆಟ್ಟವರಲ್ಲ. ಕನ್ನಡದಲ್ಲಿ ಆ ಪದಕ್ಕಿರುವ ಅರ್ಥವನ್ನು ಅವರು ತೆಗೆದುಕೊಂಡರು, ಅಷ್ಟೇ. ಅಮ್ಮ ಅಳುತ್ತಾ, ಅವರಿಗೆ ಬುದ್ಧಿ ನೆಟ್ಟಗಿದೆ, ಎಲ್ಲ ತಿಳಿಯುತ್ತೆ, ರಸ್ತೆಯ ಜಾಗ ಬಿಡೋದು ಅವರಿಗೆ ಇಷ್ಟವಿಲ್ಲ ಅಂದಳು.

ಇಬ್ಬರ ಮಾತನ್ನೂ ನಾನು ಒಪ್ಪುವಂತಿರಲಿಲ್ಲ. ಬುದ್ಧಿ ನೆಟ್ಟಗಿದೆ ಎಂಬುದು ಸರಿ. ಬ್ರೋಕಾನ ಎರಡನೆಯ ರೋಗಿ ಲೆಲಾಂಗ್‌ಗೆ ಉಳಿದಿದ್ದ ಐದು ಪದಗಳಲ್ಲಿ ಸಂಖ್ಯೆ ಒಂದೇ, ‘ಮೂರು’. ಎಷ್ಟು ಮಕ್ಕಳು ಎಂದರೆ ಬಾಯಲ್ಲಿ ಮೂರು ಎನ್ನುತ್ತಾ ನಾಲ್ಕು ಬೆರಳು ತೋರಿಸುತ್ತಿದ್ದ, ಗಂಡುಮಕ್ಕಳೆಷ್ಟು ಎಂದರೆ ಮೂರು ಎಂದು ಎರಡು ಬೆರಳು. ಬೆರಳು ಸುಳ್ಳು ಹೇಳುತ್ತಿರಲಿಲ್ಲ. ಆದರೆ ‘ಎಲ್ಲ ತಿಳಿಯುತ್ತೆ’ ಎಂಬುದು ಪೂರ್ತಿ ಸರಿಯಲ್ಲ. ಅಪ್ಪನಂಥವರು ದಿನದ ಮಾತುಕತೆಯನ್ನು ಸಂದರ್ಭದಿಂದ, ಮುಖದಿಂದ, ಒಂದೆರಡು ಪದದಿಂದ ಹಿಡಿದುಬಿಡುತ್ತಾರೆ. ‘ಹಸು ಹುಲ್ಲು ತಿಂತು’ ಎಂಬಲ್ಲಿ ಗೊಂದಲಕ್ಕೆ ಎಡೆಯಿಲ್ಲ, ಹುಲ್ಲು ಹಸುವನ್ನು ತಿನ್ನುವುದಿಲ್ಲವಲ್ಲ. ‘ಅಣ್ಣನಿಗೆ ತಮ್ಮ ಕೊಟ್ಟ’, ‘ಅಣ್ಣ ತಮ್ಮನಿಗೆ ಕೊಟ್ಟ’ ಎಂಬಲ್ಲಿ ಇಡೀ ಭಾರ ಒಂದು ‘-ಇಗೆ’ ಮೇಲೆ ಬೀಳುತ್ತದೆ. ಚಿಕಿತ್ಸಕಿ ಚಿತ್ರ ತೋರಿಸಿ ಇಂಥ ವಾಕ್ಯ ಕೇಳಿದಾಗ ಅಪ್ಪ ಅರ್ಧದಷ್ಟು ಸಲ ತಪ್ಪು ಚಿತ್ರ ಮುಟ್ಟುತ್ತಿದ್ದರು. ಪಾಲುಪತ್ರವೆಂದರೆ ಏನು ಮತ್ತೆ? ಮೊದಲಿಂದ ಕೊನೆಯವರೆಗೆ ಯಾರಿಂದ, ಯಾರಿಗೆ.

ಆದ್ದರಿಂದ ಒಂದು ಭಾನುವಾರ ಎಲ್ಲರನ್ನೂ ಕೂರಿಸಿ, ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಜಮೀನು ಬರೆದೆವು. ರಸ್ತೆಗೆ ಎರಡು ಗೆರೆ, ಬಾವಿಗೆ ಒಂದು ಲೋಟ. ದೊಡ್ಡಪ್ಪನ ಕನ್ನಡಕ ಒಂದು, ಅಪ್ಪನ ಹಳೆಯ ಚರ್ಮದ ಹಣದ ಚೀಲ ಒಂದು: ಯಾರದ್ದು ಎಲ್ಲಿ ಎಂದು ಇಡಲು. ಮಾತು ಕಡಿಮೆ, ವಾಕ್ಯ ಚಿಕ್ಕದು, ಒಂದು ಸಲಕ್ಕೆ ಒಂದೇ ಪ್ರಶ್ನೆ. ಹೌದು, ಅಲ್ಲ ಎರಡಕ್ಕೂ ಹೆಬ್ಬೆರಳು. ಬಾಯಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಮೊದಲೇ ಒಪ್ಪಂದ. ಮೊದಲು ಉತ್ತರ ಗೊತ್ತಿರುವುದನ್ನೇ ಕೇಳಿದೆ, ಇದು ಬಾವಿಯಾ, ಇದು ರಸ್ತೆಯಾ ಎಂದು. ಆಮೇಲೆ ಚೀಲವನ್ನು ರಸ್ತೆಯ ಕಡೆ ಇಟ್ಟು ಕೇಳಿದೆ. ಹೆಬ್ಬೆರಳು ಕೆಳಗೆ. ಬಾವಿಯ ಕಡೆ ಇಟ್ಟೆ. ಮೇಲೆ. ಊಟವಾದ ಮೇಲೆ ನಕ್ಷೆಯನ್ನು ತಿರುಗಿಸಿ ಬರೆದು, ಪ್ರಶ್ನೆಯ ಕ್ರಮ ಬದಲಿಸಿ ಮತ್ತೆ ಕೇಳಿದೆ. ಅದೇ. ಅಂದರೆ ದೊಡ್ಡಪ್ಪ ಕೇಳಿದ್ದೇ. ‘ನಾನು ಹೇಳ್ಲಿಲ್ವಾ?’ ಅಂದರು ಅವರು.

ಅಪ್ಪ ಮುಗಿಸಿರಲಿಲ್ಲ. ಎಡಗೈಗೆ ಸೀಮೆಸುಣ್ಣ ಬೇಕೆಂದು ಸನ್ನೆ ಮಾಡಿದರು. ಕುರ್ಚಿಯಿಂದ ಬಗ್ಗಿ, ರಸ್ತೆಯಿಂದ ಹೊರಟು ದೊಡ್ಡಪ್ಪನ ಕನ್ನಡಕದ ಪಕ್ಕದಲ್ಲೇ ಹಾದು ಲೋಟದವರೆಗೆ ಒಂದು ಗೆರೆ ಎಳೆದರು. ಸೊಟ್ಟಗಿತ್ತು, ಎರಡು ಕಡೆ ಕಿತ್ತುಹೋಗಿತ್ತು, ಆದರೆ ದಾರಿ ಎಂಬುದು ಎಲ್ಲರಿಗೂ ಗೊತ್ತಾಯಿತು. ರಸ್ತೆ ಬಿಟ್ಟುಕೊಟ್ಟವನು ಬಾವಿಗೆ ಹೋಗುವುದು ಹೇಗೆ ಎಂದು ಅಲ್ಲಿಯವರೆಗೆ ಅಮ್ಮನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಗೆರೆಯ ಮೇಲೆ ಎರಡು ಸಲ ಕುಟ್ಟಿ, ದೊಡ್ಡಪ್ಪನ ಮುಖ ನೋಡಿ ‘ರೈಟ್’ ಅಂದರು. ಆ ರೈಟ್‌ಗೆ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇತ್ತು. ಪಾಲುಪತ್ರದಲ್ಲಿ ಎಂಟು ಅಡಿ ದಾರಿ ಬರೆಸಿದ್ದಾಯಿತು.

ರಸ್ತೆಯ ಜಾಗ ಯಾಕೆ ಬಿಟ್ಟರು ಎಂದು ಅಮ್ಮ ಇವತ್ತಿಗೂ ಕೇಳುತ್ತಾಳೆ. ನೀರಿಗಾಗಿಯೋ, ಅಣ್ಣ ಎಂದೋ, ಬಾವಿ ತೋಡಿದ ಅವರಪ್ಪನ ನೆನಪಿಗೋ. ಎಲ್ಲಿ, ಯಾರು, ಎಷ್ಟು ಎಂಬುದನ್ನೆಲ್ಲ ನೆಲದ ಮೇಲೆ ಬರೆದು ಕೇಳಬಹುದು. ‘ಯಾಕೆ’ಯನ್ನು ಬರೆಯಲು ಬರುವುದಿಲ್ಲ. ಮೂರು ಕಾರಣಗಳನ್ನು ನಾವೇ ಹೇಳಿ ಹೆಬ್ಬೆರಳಿಗೆ ಕಾದರೆ ಸಿಗುವುದು ನಮ್ಮ ಮೂರು ಕಾರಣಗಳಲ್ಲಿ ಒಂದು. ಅಪ್ಪನದು ನಾಲ್ಕನೆಯದಾಗಿದ್ದರೆ? ಭಾಷೆ ಇಲ್ಲದೆಯೂ ಯೋಚಿಸಬಹುದು ಎಂದು ವಾದಿಸುವವರ ಜೊತೆ ನಾನಿದ್ದೇನೆ, ಅದನ್ನು ಆ ಭಾನುವಾರ ಕಣ್ಣಾರೆ ಕಂಡಿದ್ದೇನೆ. ಆದರೆ ತನ್ನ ಕಾರಣವನ್ನು ಇನ್ನೊಬ್ಬರ ಕೈಗೆ ಕೊಡಲು ವಾಕ್ಯವೇ ಬೇಕು. ‘ಆದ್ದರಿಂದ’, ‘ಹಾಗಿದ್ದರೂ’ ಇವಕ್ಕೆ ಲೋಟ, ಚೀಲಗಳು ಸಾಲುವುದಿಲ್ಲ.

ಈಗ ಎರಡು ವರ್ಷವಾಗುತ್ತಾ ಬಂತು. ಮೊದಲ ತಿಂಗಳುಗಳಲ್ಲಿ ಬರುವಷ್ಟು ಬೇಗ ಆಮೇಲೆ ಬರುವುದಿಲ್ಲ, ಆದರೆ ನಿಂತೇಹೋಗುವುದೂ ಇಲ್ಲ. ಅಪ್ಪನ ಪದಗಳನ್ನು ನಾನೊಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ, ಅರವತ್ತರ ಹತ್ತಿರ ಇವೆ. ಹೆಚ್ಚಿನವು ನಾಮಪದ. ಕಳೆದ ತಿಂಗಳು ‘ಬೇಡ’ ಬಂತು. ಎಷ್ಟು ದಿನದಿಂದ ಅದಕ್ಕೆ ಕಾದಿದ್ದರೋ, ಈಗ ಎಲ್ಲದಕ್ಕೂ ಬೇಡ: ವ್ಯಾಯಾಮ ಬೇಡ, ಮಫ್ಲರ್ ಬೇಡ, ಟಿವಿ ಬೇಡ, ನಾನು ಈ ಬರಹವನ್ನು ಓದಿ ಹೇಳುತ್ತೇನೆಂದರೆ ಅದೂ ಬೇಡ. ಹೆಬ್ಬೆರಳು ಕೂಡ ಕೆಳಗೇ ಇರುತ್ತದೆ, ಅನುಮಾನಕ್ಕೆ ಜಾಗವಿಲ್ಲ. ಮೊನ್ನೆ ಬೆಳಿಗ್ಗೆ ಉಪ್ಪಿಟ್ಟಿಗೂ ಬೇಡ ಅಂದರು. ಅಮ್ಮ ಕೇಳಿಸದವಳಂತೆ ಇನ್ನೊಂದು ಸೌಟು ಬಡಿಸಿದಳು.